ಕೋಟೆಯ ಮಣ್ಣಿನ ರುಚಿ

ಬಳಸಲು ಬಾರದ, ಬಿಸಾಡಲು ಮನಸ್ಸೊಪ್ಪದ ಒಂದು ವಸ್ತು ಪ್ರತಿಯೊಂದು ಮನೆಯಲ್ಲಿಯೂ ಇದ್ದೇ ಇರುತ್ತದೆ. ಅದು ಮುರಿದ ತೊಟ್ಟಿಲಾಗಿರಬಹುದು, ನಿಂತುಹೋದ ಗಡಿಯಾರವಾಗಿರಬಹುದು, ತಂತಿ ಹರಿದ ತಂಬೂರಿಯಾಗಿರಬಹುದು. ಸುಣ್ಣ ಹಚ್ಚುವ ದಿನ ಕೆಳಗಿಳಿದು, ಧೂಳು ಕೊಡಹಿಸಿಕೊಂಡು, ಮನೆಯವರೆಲ್ಲರ ಮುಖವನ್ನು ಒಮ್ಮೆ ನೋಡಿ, ಅದು ಮತ್ತೆ ಅಟ್ಟವನ್ನೇರುತ್ತದೆ. ಅದರ ಕಥೆಯನ್ನು ಬಲ್ಲವರು ಹೇಳುವುದಿಲ್ಲ, ಅರಿಯದವರು ಕೇಳುವುದಿಲ್ಲ.

ಭಾಲ್ಕಿಯ ಒಬ್ಬ ವಿಜ್ಞಾನದ ಮಾಸ್ತರರ ಮನೆಯಲ್ಲಿ ಅಂಥ ವಸ್ತುವೆಂದರೆ ಒಂದು ಬಿದರಿ ಸುರಾಹಿ. ಗೇಣುದ್ದದ ಕೊರಳು, ದುಂಡು ಹೊಟ್ಟೆ, ಮೈತುಂಬ ಬೆಳ್ಳಿಯ ಎಳೆಯಲ್ಲಿ ಬಿಡಿಸಿದ ಗಸಗಸೆಯ ಹೂಗಳು. ಬಿದರಿಯೆಂದೊಡನೆ ಕಣ್ಣಿಗೆ ಬರುವುದು ಅಮಾವಾಸ್ಯೆಯ ಇರುಳಿನಂಥ ಕಪ್ಪು. ಆದರೆ ಈ ಸುರಾಹಿ ಕಪ್ಪಾಗಿರಲಿಲ್ಲ. ಒರಸದೆ ಬಿಟ್ಟ ಸ್ಲೇಟಿನಂತೆ ಬೂದುಬಣ್ಣವಾಗಿತ್ತು. ಬೂದಿಯ ಮೇಲೆ ಬೆಳ್ಳಿ ಕಾಣುವುದಿಲ್ಲ. ಹೂಗಳು ಇದ್ದೂ ಇಲ್ಲದಂತಿದ್ದವು. ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಅದನ್ನು ಮೂವತ್ತೈದು ವರ್ಷ ಯಾರೂ ಬಿಚ್ಚಿರಲಿಲ್ಲ.

ಸುರಾಹಿ ಬಂದದ್ದು ಔರಾದದ ಕಡೆಯಿಂದ. ಮಾಸ್ತರರ ಮಡದಿ ಆ ತಾಲ್ಲೂಕಿನ ಹುಡುಗಿ. 1974ರಲ್ಲಿ ಆಕೆ ಮದುವೆಯಾಗಿ ಭಾಲ್ಕಿಗೆ ಹೊರಟಾಗ ತಾಯಿಯ ತಾಯಿ, ಆಕೆ 'ಆಯಿ' ಎಂದು ಕರೆಯುತ್ತಿದ್ದ ವೃದ್ಧೆ, ಪೆಟ್ಟಿಗೆಯ ತಳದಿಂದ ಇದನ್ನು ತೆಗೆದು ಉಡಿಯಲ್ಲಿ ಹಾಕಿದ್ದಳು. "ಇದರಾಗ ಏನೂ ತುಂಬಬ್ಯಾಡ ಮಗಳೆ. ನೀರು ಸುದ್ದಾ ಹಾಕಬ್ಯಾಡ. ಹುಣ್ಣಿವಿಗೊಮ್ಮೆ, ಅಮಾಸಿಗೊಮ್ಮೆ ಎಣ್ಣಿ ಅರಿವಿಲೆ ಒರಸು, ಸಾಕು" ಎಂದು ಬುದ್ಧಿ ಹೇಳಿದ್ದಳು. ಜೋಳ, ತೊಗರಿಗಳ ಹೊರತು ಬೇರೆ ಸಿರಿಯನ್ನು ಕಾಣದ ಆ ಮನೆಗೆ ಅದು ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ. ಆಯಿಗೆ ಅವಳ ಆಯಿ ಕೊಟ್ಟದ್ದು. ಅಷ್ಟೇ ಅದರ ಚರಿತ್ರೆ.

ಎರಡು ವರ್ಷಗಳ ಮೇಲೆ ದೀಪಾವಳಿ ಬಂತು. ಅತ್ತೆಯ ಮೆಚ್ಚುಗೆಯನ್ನು ಗಳಿಸುವ ಉತ್ಸಾಹದಲ್ಲಿ ಸೊಸೆ ಮನೆಯ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನೆಲ್ಲ ಹಿತ್ತಿಲಿಗೆ ತಂದು, ಹುಣಸೆಹಣ್ಣು ಬೂದಿಗಳಿಂದ ತಿಕ್ಕಲು ಕುಳಿತಳು. ಕೊಡಗಳು ಬಂಗಾರವಾದವು, ತಂಬಿಗೆಗಳು ಮುಖ ತೋರಿಸುವ ಕನ್ನಡಿಗಳಾದವು. ಇವುಗಳ ನಡುವೆ ಕಪ್ಪಗೆ ನಿಂತ ಸುರಾಹಿಯನ್ನು ನೋಡಿ, ಇದೊಂದೇ ಏಕೆ ಹೊಳಪಿಲ್ಲದೆ ಉಳಿಯಬೇಕೆಂದು ಅದನ್ನೂ ತಿಕ್ಕಿದಳು. ಕೈ ತೊಳೆದ ನೀರು ಕಪ್ಪಾಯಿತು. ಸುರಾಹಿ ಬೂದುಬಣ್ಣಕ್ಕೆ ತಿರುಗಿತು. ಆಕೆ ಬೆದರಿ ಎಣ್ಣೆ ಹಚ್ಚಿದಳು. ಒಲೆಯ ಮಸಿ ಹಚ್ಚಿದಳು. ಹೋದದ್ದು ಬರಲಿಲ್ಲ.

ಆಗ ಮನೆಯಲ್ಲಿ ವಿಜ್ಞಾನವನ್ನು ಬಲ್ಲವರು ಒಬ್ಬರೇ. ಮಾಸ್ತರರು ಸುರಾಹಿಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಉಗುರಿನಿಂದ ಕೆರೆದು ತೀರ್ಪು ಕೊಟ್ಟರು: "ಇದು ಬಣ್ಣ. ಹಚ್ಚಿದ ಬಣ್ಣ ತೊಳೆದರ ಹೋಗ್ತದ. ಅಸಲು ಮಾಲಾಗಿದ್ದರ ಹೋಗ್ತಿದ್ದಿಲ್ಲ. ನಿಮ್ಮ ಆಯಿಗೆ ಯಾರೋ ವ್ಯಾಪಾರಿ ಟೋಪಿ ಹಾಕ್ಯಾನ."

ಹೆಂಡತಿಯ ಅಳುವನ್ನು ನಿಲ್ಲಿಸಬೇಕೆಂಬ ಸದುದ್ದೇಶದಿಂದಲೇ ಅವರು ಹಾಗೆಂದದ್ದು. ತಪ್ಪು ಆಕೆಯದಲ್ಲ, ವಸ್ತುವಿನದು ಎಂದರೆ ಸಮಾಧಾನವಾದೀತೆಂದು ಅವರು ಬಗೆದರು. ಅಳು ನಿಂತಿತು. ಆದರೆ ಆ ಮಾತು ಬೇರೊಂದು ಕೆಲಸ ಮಾಡಿತು. ಮರುವರ್ಷ ಮೊದಲ ಮಗುವಿನ ತೊಟ್ಟಿಲಿಗೆ ಆಯಿ ಔರಾದದಿಂದ ಬಂದಾಗ, "ಸುರಾಹಿ ಎಲ್ಲದ ಮಗಳೆ?" ಎಂದು ಕೇಳಿದಳು. "ಪೆಟ್ಟಿಗ್ಯಾಗ ಜ್ವಾಕ್ಯಾಗಿ ಇಟ್ಟೀನಿ ಆಯಿ" ಎಂದು ಮೊಮ್ಮಗಳು ಸುಳ್ಳು ಹೇಳಿದಳು. ಮೋಸಹೋದ ಮುದುಕಿಗೆ ಅವಳು ಮೋಸಹೋದದ್ದನ್ನು ಏಕೆ ತಿಳಿಸಬೇಕು? ಆಯಿ ತೃಪ್ತಿಯಿಂದ ಹಿಂದಿರುಗಿದಳು. ಆ ವರ್ಷದ ಸುಗ್ಗಿ ಮುಗಿಯುವ ಮೊದಲೇ ತೀರಿಕೊಂಡಳು. ಸುರಾಹಿ ಅಟ್ಟವನ್ನೇರಿತು.

ಮುಂದೆ ಮಾಸ್ತರರು ಮೂವತ್ತು ವರ್ಷಕ್ಕೂ ಮಿಕ್ಕು ಪಾಠ ಹೇಳಿದರು. ಸತುವಿನ ಪಾಠವನ್ನಂತೂ ಪ್ರತಿವರ್ಷವೂ ಹೇಳುತ್ತಿದ್ದರು. ಬ್ಯಾಟರಿಯ ಶೆಲ್ಲಿನ ಹೊರಕವಚ ಸತುವು. ಮನೆಯ ಮೇಲಿನ ತಗಡಿಗೆ ತುಕ್ಕು ಹಿಡಿಯದಂತೆ ಲೇಪಿಸುವುದು ಸತುವು. ಆಮ್ಲದಲ್ಲಿ ಹಾಕಿದರೆ ಗುಳ್ಳೆಗುಳ್ಳೆಯಾಗಿ ಅನಿಲ ಹೊರಡುವುದು ಸತುವಿನಿಂದ. ತಮ್ಮ ಅಟ್ಟದ ಮೇಲೆ ಧೋತರದಲ್ಲಿ ಸುತ್ತಿಟ್ಟಿರುವುದೂ ಸತುವೇ ಎಂಬುದು ಅವರಿಗೆ ಹೊಳೆಯಲಿಲ್ಲ.

ಒಮ್ಮೆ ಅವರು ವಿದ್ಯಾರ್ಥಿಗಳನ್ನು ಬೆಂಗಳೂರಿಗೆ ಪ್ರವಾಸ ಕರೆದೊಯ್ದಿದ್ದರು. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ನಿಂತಿರುವ, 1962ರಲ್ಲಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದ ಕೈಗಾರಿಕೆ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯದಲ್ಲಿ ಮಕ್ಕಳೊಡನೆ ಒಂದು ದಿನವಿಡೀ ಕಳೆದಿದ್ದರು. ತಿರುಗುವ ಚಕ್ರ, ಹೊರಳುವ ದಂಡ, ಗುಂಡಿ ಒತ್ತಿದೊಡನೆ ಚಲಿಸುವ ಯಂತ್ರಗಳನ್ನು ಕಂಡು ಭಾಲ್ಕಿಯ ಹುಡುಗರು ಬೆರಗಾದಂತೆ ಮಾಸ್ತರರೂ ಬೆರಗಾಗಿದ್ದರು. ದೇಶದ ಕೈಗಾರಿಕೆಯ ಇತಿಹಾಸವೆಂದರೆ ಉಗಿ, ಉಕ್ಕು, ವಿದ್ಯುತ್ತು. ಅದು ಎಲ್ಲಿಯೋ ದೂರದಲ್ಲಿ ನಡೆದದ್ದು. ಬೀದರ ಜಿಲ್ಲೆಯವರು ಅದನ್ನು ನೋಡಲು ಟಿಕೀಟು ಕೊಂಡು ಹೋಗಬೇಕಾದವರು. ಹೀಗೊಂದು ಭಾವನೆ ಅಂದು ಅವರಲ್ಲಿ ಬೇರೂರಿತು. ಅದನ್ನು ಅಲುಗಿಸಿದ್ದು ಇನ್ನೊಂದು ವಸ್ತುಸಂಗ್ರಹಾಲಯ.

ನಿವೃತ್ತಿಯಾದ ವರ್ಷ, 2010ರಲ್ಲಿ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಾಸ್ತರರು ಹೈದರಾಬಾದಿಗೆ ಹೋದರು. ಕಟ್ಟು ಬಿಚ್ಚಿದ ಮೇಲೆ ಊರಿಗೆ ಹೊರಡಲು ಒಂದು ದಿನ ಉಳಿದಿತ್ತು. ಹೊಸ ಕಣ್ಣಿಗೆ ಏನಾದರೂ ತೋರಿಸಬೇಕೆಂದು ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದರು. ಅಲ್ಲಿ ಗಾಜಿನ ಕಪಾಟುಗಳಲ್ಲಿ ಬಿದರಿಯ ಹುಕ್ಕಾ ಬುರುಡೆಗಳು, ತಬಕುಗಳು, ಪಾನದಾನಗಳು, ಸುರಾಹಿಗಳು. ಎಂಥ ಕಪ್ಪು! ಬೆಳಕನ್ನು ಹಿಂದಕ್ಕೆ ಕೊಡದೆ ನುಂಗಿಬಿಡುವ ಕಪ್ಪು. ಅದರ ಮೇಲೆ ಬೆಳ್ಳಿಯ ಹೂಗಳು ಈಗ ತಾನೇ ಅರಳಿದಂತೆ. ಒಂದು ಸುರಾಹಿಯ ಮುಂದೆ ಅವರು ಬಹಳ ಹೊತ್ತು ನಿಂತರು. ಅದು ತಮ್ಮ ಅಟ್ಟದ ಸುರಾಹಿಯ ಅಕ್ಕನಂತಿತ್ತು. ಚೀಟಿಯಲ್ಲಿ ಲೋಹದ ಹೆಸರು ಬರೆದಿತ್ತು: ಸತುವಿನ ಮಿಶ್ರಲೋಹ, ಬೆಳ್ಳಿಯ ಕೆತ್ತನೆ. ಬಣ್ಣವೆಂಬ ಮಾತು ಅಲ್ಲಿ ಎಲ್ಲಿಯೂ ಇರಲಿಲ್ಲ.

ಊರಿಗೆ ಬಂದವರು ಮಡದಿಗೆ ಏನನ್ನೂ ಹೇಳಲಿಲ್ಲ. ಬೆಂಗಳೂರಿನಲ್ಲಿದ್ದ ಮಗನಿಗೆ ಫೋನು ಮಾಡಿ, ಬಿದರಿಯ ವಿಷಯವಾಗಿ ಬಲ್ಲವರು ಬರೆದುದೇನಾದರೂ ಸಿಕ್ಕಿದರೆ ಕಳುಹಿಸಲು ಹೇಳಿದರು. ಕೆಲವು ವಾರಗಳಲ್ಲಿ ಒಂದು ಕಟ್ಟು ಕಾಗದ ಬಂತು. ಮಾಸ್ತರರು ಪರೀಕ್ಷೆಗೆ ಕುಳಿತ ಹುಡುಗನಂತೆ ಅದನ್ನು ಓದಿದರು.

ಮೊದಲು ಅವರ ಗಮನ ಸೆಳೆದದ್ದು ಸತುವಿನ ಕಥೆ. ಕಬ್ಬಿಣ, ತಾಮ್ರ, ಸೀಸಗಳನ್ನು ಅದಿರಿನಿಂದ ತೆಗೆಯುವ ವಿದ್ಯೆ ಪುರಾತನವಾದದ್ದು. ಕುಲುಮೆಯಲ್ಲಿ ಕಾಯಿಸಿದರೆ ಲೋಹ ಕೆಳಗಿಳಿದು ಕೈಗೆ ಸಿಗುತ್ತದೆ. ಸತುವಿನ ಸ್ವಭಾವ ಬೇರೆ. ಅದರ ಅದಿರು ಇದ್ದಿಲಿನೊಡನೆ ಸೇರಿ ಲೋಹವಾಗಬೇಕಾದರೆ ಸುಮಾರು 1000 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿದ ಶಾಖ ಬೇಕು. ಸತುವಾದರೋ 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಎಂದರೆ ಹುಟ್ಟಿದ ಕ್ಷಣದಲ್ಲಿಯೇ ಅದು ಹೊಗೆ. ಗಾಳಿ ಸೋಕಿದರೆ ಬಿಳಿಯ ಪುಡಿ. ಹುಟ್ಟುವ ಮುನ್ನವೇ ಓಡಿಹೋಗುವ ಈ ಲೋಹವನ್ನು ಹಿಡಿಯುವ ಬಗೆ ಹೇಗೆ?

ಹಿಡಿದವರು ರಾಜಸ್ಥಾನದ ಉದಯಪುರದ ಬಳಿಯ ಜಾವರದ ಕುಶಲಕರ್ಮಿಗಳು. ಅಲ್ಲಿ 1983ರಲ್ಲಿ ಬ್ರಿಟಿಷ್ ಮ್ಯೂಸಿಯಂ, ಬರೋಡದ ವಿಶ್ವವಿದ್ಯಾಲಯ ಹಾಗೂ ಹಿಂದೂಸ್ಥಾನ್ ಜಿಂಕ್ ಸಂಸ್ಥೆಯವರು ಕೂಡಿ ಅಗೆದಾಗ ಶತಮಾನಗಳ ಹಿಂದಿನ ಕುಲುಮೆಗಳು ಸಾಲಾಗಿ ಕಂಡುಬಂದವು. ಬದನೆಕಾಯಿಯ ಆಕಾರದ ಮಣ್ಣಿನ ಮೂಸೆಗಳಲ್ಲಿ ಅದಿರನ್ನೂ ಇದ್ದಿಲನ್ನೂ ತುಂಬಿ, ತಲೆಕೆಳಗಾಗಿ ನಿಲ್ಲಿಸುತ್ತಿದ್ದರು. ಒಂದು ಕುಲುಮೆಗೆ 36 ಮೂಸೆಗಳು. ಬೆಂಕಿ ಮೇಲೆ, ಮೂಸೆಯ ಕೊರಳು ಕೆಳಗಿನ ತಂಪಾದ ಗೂಡಿನೊಳಕ್ಕೆ. ಮೇಲೆ ಹುಟ್ಟಿದ ಆವಿ ಬೇರೆ ದಾರಿಯಿಲ್ಲದೆ ಕೆಳಗಿಳಿದು, ತಣಿದು, ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಹೊಗೆಯನ್ನು ಕೆಳಮುಖವಾಗಿ ಹರಿಸಿದ ಜಾಣ್ಮೆ ಅದು. ಯೂರೋಪಿನಲ್ಲಿ ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ ಸತುವನ್ನು ಬಟ್ಟಿಯಿಳಿಸುವ ವಿಧಾನಕ್ಕೆ ಸನ್ನದು ಪಡೆದದ್ದು 1738ರಲ್ಲಿ. ಅಷ್ಟರಲ್ಲಿ ಜಾವರದ ಕುಲುಮೆಗಳು ಕೆಲವು ತಲೆಮಾರುಗಳನ್ನೇ ಕಂಡಿದ್ದವು.

ಹಾಗೆಂದು ಬೀದರದ ಸತುವೆಲ್ಲ ಜಾವರದಿಂದಲೇ ಬಂತೆನ್ನುವುದು ಅವಸರದ ಮಾತು. ಚೀನಾದ ಸತುವೂ ಹಡಗುಗಳಲ್ಲಿ ಭಾರತದ ರೇವುಗಳಿಗೆ ಬರುತ್ತಿತ್ತು. ಬಿದರಿಯ ಹುಟ್ಟಿನ ಬಗೆಗೂ ಇಂಥದೇ ಎಚ್ಚರ ಬೇಕು. ಬಹಮನಿ ಸುಲ್ತಾನರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಇರಾನಿನಿಂದ ಬಂದ ಕುಶಲಕರ್ಮಿಯೊಬ್ಬ ಈ ಕಲೆಯನ್ನು ಇಲ್ಲಿ ನೆಟ್ಟನೆಂಬುದು ಬೀದರದ ಐತಿಹ್ಯ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ, ಕಾಲವನ್ನು ನಿರ್ಧರಿಸಬಹುದಾದ ಹಳೆಯ ಬಿದರಿ ವಸ್ತುಗಳಾದರೋ 17ನೆಯ ಶತಮಾನದ ಆಸುಪಾಸಿನವು. ಐತಿಹ್ಯಕ್ಕೂ ಕಪಾಟಿಗೂ ನಡುವೆ ಒಂದು ಶತಮಾನಕ್ಕೂ ಹೆಚ್ಚಿನ ಅಂತರವಿದೆ.

1814ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬೆಂಜಮಿನ್ ಹೇನ್ ಎಂಬ ವಿದ್ವಾಂಸ ಬಿದರಿಯ ಪಾಕವನ್ನು ಅಡಿಗೆಯ ಪುಸ್ತಕದಂತೆ ಬರೆದಿಟ್ಟಿದ್ದಾನೆ. 16 ಔನ್ಸ್ ತಾಮ್ರ, 4 ಔನ್ಸ್ ಸೀಸ, 2 ಔನ್ಸ್ ತವರ ಕೂಡಿಸಿ ಕರಗಿಸಬೇಕು. ಆ ಮಿಶ್ರಣದ ಪ್ರತಿ 3 ಔನ್ಸಿಗೆ 16 ಔನ್ಸ್ ಸತುವು ಬೆರೆಸಬೇಕು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದರಿ ವಸ್ತುಗಳು ಜನರ ಕಣ್ಣು ಸೆಳೆದವು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಬಿದರಿಯ ಬಗೆಗೆ 1985ರಲ್ಲಿ ಸೂಸನ್ ಸ್ಟ್ರಾಂಜ್ ಒಂದು ಪುಸ್ತಕವನ್ನೇ ಬರೆದರು. ಅದರ ಬೆನ್ನಿಗೆ, 1987ರಲ್ಲಿ, ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಎಂಬ ಸಂಶೋಧಕರು ಬಿದರಿಯ ಲೋಹವನ್ನೂ ಅದರ ಕಪ್ಪನ್ನೂ ಉಪಕರಣಗಳಿಂದ ಪರೀಕ್ಷಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು.

ಈ ಪ್ರಬಂಧದ ಬಳಿಗೆ ಬಂದಾಗ ಮಾಸ್ತರರ ಬೆರಳು ನಿಂತಿತು. ಬಿದರಿಯ ಕಪ್ಪು ಬಣ್ಣವಲ್ಲ. ಹೊರಗಿನಿಂದ ಹಚ್ಚಿದ ಲೇಪವೂ ಅಲ್ಲ. ಅದು ಲೋಹದ ಚರ್ಮವೇ. ಮಣ್ಣಿನ ಲವಣಗಳು ಮೇಲ್ಮೈಯ ಸತುವನ್ನಷ್ಟು ಕರಗಿಸಿ ತೆಗೆಯುತ್ತವೆ. ತಾಮ್ರದ ಅಂಶ ಹೆಚ್ಚಾದ ಅತಿ ತೆಳುವಾದ ಪದರವೊಂದು ಉಳಿದು ಕಪ್ಪಾಗುತ್ತದೆ. ಬೆಳ್ಳಿಗೆ ಆ ಲವಣಗಳು ಏನನ್ನೂ ಮಾಡವು. ಲೋಹದಲ್ಲಿ ತಾಮ್ರವೇ ಇಲ್ಲದಿದ್ದರೆ ಸತುವು ಎಷ್ಟು ತೊಳೆದರೂ ಹಾಗೆ ಕಪ್ಪಾಗದು. ನೂರಕ್ಕೆ ಕೆಲವೇ ಪಾಲು ತಾಮ್ರ. ಆ ಅಲ್ಪದಿಂದಲೇ ಇಡೀ ಇರುಳು.

ಚರ್ಮ ತೆಳುವಾದದ್ದು. ಆಮ್ಲವನ್ನೂ ಒರಟು ಪುಡಿಯನ್ನೂ ಅದು ತಾಳದು. ಹುಣಸೆಹಣ್ಣು ಆಮ್ಲ, ಬೂದಿ ಒರಟು ಪುಡಿ. ಸುರಾಹಿ ಅಸಲಾಗಿದ್ದುದರಿಂದಲೇ ಅದರ ಕಪ್ಪು ಹೋಗಿತ್ತು!

ಮಾಸ್ತರರು ಕನ್ನಡಕವನ್ನು ತೆಗೆದಿಟ್ಟರು. ಅವರ ತಂದೆ ನಿಜಾಮರ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಶಾಲೆಯಲ್ಲಿ ಅಕ್ಷರ ಕಲಿತವರು. ಕನ್ನಡ ಕಲಿಸುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. "ಹಲಗಿ ಓದಿ ಸಾಲಿ ಹ್ಯಾಂಗದ ಅಂತ ಹೇಳಬಾರದಪಾ" ಎಂದು ತಂದೆ ಮಗನಿಗೆ ಎಷ್ಟೋ ಸಲ ಹೇಳಿದ್ದುಂಟು. ಆ ಮಗ ಒಂದು ದಿನ ಉಗುರಿನಿಂದ ಕೆರೆದು, ಒಬ್ಬ ಮುದುಕಿಯ ಬಾಳಿನ ಒಂದೇ ಒಂದು ಒಡವೆಯನ್ನು ಖೋಟಾ ಎಂದಿದ್ದ. ಗೊತ್ತಿಲ್ಲ ಎಂಬ ಎರಡು ಮಾತನ್ನು ಅಂದು ಆಡಿದ್ದರೆ ಸಾಕಾಗಿತ್ತು. ತಿಳಿಯದವನ ತಪ್ಪಿಗಿಂತ ತಿಳಿದವನೆಂಬ ಹೆಸರಿರುವವನ ತಪ್ಪು ದೂರ ಹೋಗುತ್ತದೆ. ಜನ ಅದನ್ನು ಮರುಪ್ರಶ್ನಿಸುವುದಿಲ್ಲ.

ಆದರೂ ಹೇಳುವ ಧೈರ್ಯ ಬರಲು ಇನ್ನಷ್ಟು ತಿಂಗಳು ಬೇಕಾದವು. 2011ರ ಚಳಿಗಾಲದಲ್ಲಿ ಒಂದು ದಿನ ಮಾಸ್ತರರು ಅಟ್ಟದಿಂದ ಗಂಟನ್ನಿಳಿಸಿ, "ಬೀದರಕ್ಕ ಹೋಗಿ ಬರೋಣ, ನಡಿ" ಎಂದರು. ಮಡದಿ ಗಂಟನ್ನು ನೋಡಿದಳು, ಏನೂ ಕೇಳಲಿಲ್ಲ. ಭಾಲ್ಕಿಯಿಂದ ಬೀದರಕ್ಕೆ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಎರಡೂ ಕಡೆ ಎರೆಯ ಹೊಲ, ಕಡಲೆ, ಜೋಳ, ಕಬ್ಬು. ಬೀದರ ಹತ್ತಿರವಾದಂತೆ ನೆಲ ಏರುತ್ತದೆ. ಎರೆಯ ಕಪ್ಪು ಮಾಯವಾಗಿ ಕೆಂಪುಗಲ್ಲಿನ ಪ್ರಸ್ಥಭೂಮಿ ಮೊದಲಾಗುತ್ತದೆ. ಆ ಏರಿನಲ್ಲಿ ಮಾಸ್ತರರು ಬಾಯ್ಬಿಟ್ಟರು. ಓದಿದುದನ್ನೆಲ್ಲ ಪಾಠ ಹೇಳುವಂತೆ ಹೇಳಿದರು. ಕೊನೆಗೆ, "ನಿಮ್ಮ ಆಯಿ ಕೊಟ್ಟದ್ದು ಖರೇವು. ಅವತ್ತು ಖೋಟಾ ಮಾತಾಡಿದಾಂವ ನಾನು" ಎಂದರು.

ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅಂದದ್ದು ಒಂದೇ ಮಾತು: "ಆಯಿ ಇದ್ದಾಗ ಹೇಳಿದ್ದರ ಚಲೋ ಇತ್ತರೀ."

ಬೀದರದ ಚೌಬಾರದ ಸುತ್ತಣ ಓಣಿಗಳಲ್ಲಿ ಬಿದರಿಯ ಸುತ್ತಿಗೆಯ ಸಪ್ಪಳ ಕೇಳುತ್ತದೆ. ಒಂದು ಅಂಗಡಿಯ ಒಳಗೆ ಬಿಳಿಗಡ್ಡದ ಉಸ್ತಾದರೊಬ್ಬರು ಚಕ್ಕಳಮಕ್ಕಳ ಹಾಕಿ ಕುಳಿತು, ಹೂದಾನಿಯೊಂದರ ಮೈಯನ್ನು ಉಳಿಯಿಂದ ಬಿಡಿಸುತ್ತಿದ್ದರು. ಸುರಾಹಿಯನ್ನು ಕೈಗೆ ಕೊಟ್ಟಾಗ ಅವರು ಉಗುರಿನಿಂದ ಕೆರೆಯಲಿಲ್ಲ. ಹೆಬ್ಬೆರಳಿನಿಂದ ಬೆಳ್ಳಿಯ ಎಳೆಯ ಮೇಲೆ ಮೆಲ್ಲಗೆ ಸವರಿದರು. "ಹಳೇ ಕೈ ಅದ ಮಾಸ್ತರ್ ಸಾಬ್. ತಾರಕಶಿ. ಈಗ ಇಷ್ಟು ಸಣ್ಣ ತಂತಿ ಕೂಡಸೋರು ಕಮ್ಮಿ" ಎಂದರು. ಆಮೇಲೆ ಮಡದಿಯ ಕಡೆ ತಿರುಗಿ ನಕ್ಕು, "ಹುಣಸಿಹಣ್ಣು ಏನ್ರಿ ಅಮ್ಮಾ?" ಎಂದು ಕೇಳಿದರು. ಆಕೆ ತಲೆ ತಗ್ಗಿಸಿದಳು. "ಬಹಳ ಮನ್ಯಾಗ ಹಿಂಗೇ ಆಗ್ತದ್ರಿ. ಬೆಳ್ಳಿ ಎಳಿ ಹೋಗಿಲ್ಲ. ಹೆದರಬ್ಯಾಡ್ರಿ."

ಮಾಸ್ತರರು ಅಂದು ಪುಸ್ತಕದಲ್ಲಿ ಕಾಣದ ಎಷ್ಟೋ ಸಂಗತಿಗಳನ್ನು ಕಂಡರು. ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಅಚ್ಚು ಮಾಡುತ್ತಾರೆ. ಅದರಲ್ಲಿ ಕರಗಿದ ಲೋಹ ಹೊಯ್ಯುತ್ತಾರೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂದರು ಉಸ್ತಾದರು. ಮಾಸ್ತರರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು: ನೂರಕ್ಕೆ ಸುಮಾರು 6 ಪಾಲು ತಾಮ್ರ. ಲಂಡನ್ನಿನ ಉಪಕರಣ ಹಳೆಯ ವಸ್ತುಗಳಲ್ಲಿ ಕಂಡದ್ದು ನೂರಕ್ಕೆ 2ರಿಂದ 10. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಣದೆ ಒಂದೇ ಉತ್ತರಕ್ಕೆ ಬಂದಿದ್ದರು.

ಎರಕವಾದ ಪಾತ್ರೆಯನ್ನು ಅರದಿಂದ ಉಜ್ಜಿ ನುಣುಪುಗೊಳಿಸಿ, ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನೆಯಿಂದ ಗೀರಿದರೆ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಗೆರೆಗಳನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಆ ಕಪ್ಪೂ ಹೋಗಿ, ಬೆಳ್ಳಿ ಯಾವುದು ಸತುವು ಯಾವುದು ಎಂದು ಗುರುತೇ ಸಿಗದಂತಾಗುತ್ತದೆ. ಪಟ್ಟ ಶ್ರಮವೆಲ್ಲ ಕಣ್ಣಿಗೆ ಮರೆಯಾಗುವ ಗಳಿಗೆ ಅದು. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ನೀರಿನಲ್ಲಿ ಕುದಿಸಿ, ಬಿಸಿ ಮಾಡಿದ ಪಾತ್ರೆಯನ್ನು ಅದರಲ್ಲಿ ಆಡಿಸಿದಾಗ ಮೈ ಕಪ್ಪಾಗಿ, ಬೆಳ್ಳಿ ಬೆಳ್ಳಗೆ ಎದ್ದುನಿಲ್ಲುತ್ತದೆ.

"ನಮ್ಮ ಕಡೆ ಎರಿಮಣ್ಣು ಇಷ್ಟು ಕಪ್ಪದ. ಅದ್ಯಾಕ ಆಗೋದಿಲ್ಲ ಉಸ್ತಾದ್?" ಎಂದು ಮಡದಿ ಕೇಳಿದಳು. ಬಂದ ಮೇಲೆ ಆಕೆ ಆಡಿದ ಮೊದಲ ಮಾತು ಅದು. ಉಸ್ತಾದರಿಗೆ ಆ ಪ್ರಶ್ನೆ ಬಹಳ ಮೆಚ್ಚಿಗೆಯಾಯಿತು. "ಕಪ್ಪು ಮಣ್ಣಾಗ ಇಲ್ಲರೀ ಅಮ್ಮಾ, ಮಣ್ಣಿನ ಖಾರದಾಗ ಅದ. ಕೋಟ್ಯಾಗ ಬಿಸಿಲು ಮಳಿ ಬೀಳದ ಜಾಗಾದ ಮಣ್ಣೇ ಆಗಬೇಕು" ಎಂದರು. ಮೂಲೆಯ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು, ಅದೇ ಚಿಟಿಕೆಯನ್ನು ಮಾಸ್ತರರ ಮುಂದೆ ಹಿಡಿದರು. ಮೂವತ್ತು ವರ್ಷಕ್ಕೂ ಮಿಕ್ಕು ಪ್ರಯೋಗಶಾಲೆಯಲ್ಲಿ 'ಯಾವುದನ್ನೂ ನಾಲಿಗೆಗೆ ಮುಟ್ಟಿಸಬೇಡಿ' ಎಂದು ಹುಡುಗರಿಗೆ ಎಚ್ಚರಿಕೆ ಹೇಳುತ್ತ ಬಂದಿದ್ದ ಮಾಸ್ತರರು ನಾಲಿಗೆ ಚಾಚಿದರು. ಉಪ್ಪಲ್ಲದ ಉಪ್ಪು, ಹಿಂದೆಯೇ ಒಂದು ಬಗೆಯ ತಂಪು. "ಈ ರುಚಿ ಇಲ್ಲಂದ್ರ ಆ ಮಣ್ಣು ನಮಗ ಬ್ಯಾಡ" ಎಂದರು ಉಸ್ತಾದರು.

ವಸ್ತುಸಂಗ್ರಹಾಲಯದ ಉಪಕರಣಕ್ಕೂ ಬೀದರದ ನಾಲಿಗೆಗೂ ಇರುವ ಸಂಬಂಧ ಆಗ ಮಾಸ್ತರರಿಗೆ ಹೊಳೆಯಿತು. ಕಪ್ಪು ಏಕಾಗುತ್ತದೆಂಬುದನ್ನು ಉಪಕರಣ ಹೇಳಬಲ್ಲುದು. ಯಾವ ಮಣ್ಣಿನಿಂದ, ಯಾವ ಗಳಿಗೆಯಲ್ಲಿ ಪಾತ್ರೆಯನ್ನು ಮೇಲೆತ್ತಬೇಕೆಂಬುದನ್ನು ನಾಲಿಗೆ, ಕಣ್ಣು, ಕೈಗಳೇ ಬಲ್ಲವು. ಇದಕ್ಕೆ ಬೀದರದಲ್ಲಿ ಇನ್ನೂ ಸಾಕ್ಷಿಗಳುಂಟು. ನೌಬಾದಿನ ನೆಲದಡಿಯಲ್ಲಿ ಬಹಮನಿಗಳ ಕಾಲದ ಕರೇಜ್ ಎಂಬ ಸುರಂಗ ಕಾಲುವೆಯಿದೆ. ಕೆಂಪುಗಲ್ಲು ಹೀರಿಕೊಂಡ ಮಳೆಯ ನೀರು ತಳದಲ್ಲಿ ಜಿನುಗುವೆಡೆಯನ್ನು ಕಂಡುಹಿಡಿದು, ಬಾವಿಯಂಥ ಗಾಳಿಗಂಡಿಗಳನ್ನು ಸಾಲಾಗಿ ತೋಡಿ, ಬರಿಯ ಇಳಿಜಾರಿನಿಂದಲೇ ನೀರನ್ನು ಹರಿಸಿದರು. ಎತ್ತಿಲ್ಲ, ರಾಟೆಯಿಲ್ಲ, ಪಂಪಿಲ್ಲ. ಬೆಂಗಳೂರಿಗೆ ಟಿಕೀಟು ಕೊಂಡು ಹೋಗಿ ನೋಡಿದ ಇತಿಹಾಸದ ಒಂದು ಅಧ್ಯಾಯ ಮನೆಯ ಅಟ್ಟದ ಮೇಲೆಯೂ, ಇನ್ನೊಂದು ಊರ ನೆಲದಡಿಯಲ್ಲಿಯೂ ಇತ್ತು. ಯಂತ್ರವನ್ನು ಕೈಗಾರಿಕೆಯೆಂದು ಒಂದು ಕಟ್ಟಡದಲ್ಲಿ, ಸುರಾಹಿಯನ್ನು ಕಲೆಯೆಂದು ಇನ್ನೊಂದು ಕಟ್ಟಡದಲ್ಲಿ ಇಟ್ಟುದರಿಂದ ಕಣ್ಣು ತಪ್ಪಿತ್ತು, ಅಷ್ಟೇ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಸುರಾಹಿಯನ್ನು ಮತ್ತೆ ಕಪ್ಪು ಮಾಡಬೇಕೆ, ಬೇಡವೆ? ಹಳೆಯ ವಸ್ತುವಿನ ಮೇಲ್ಮೈಯನ್ನು ಮುಟ್ಟಬಾರದು, ಅದರ ಗಾಯವೂ ಅದರ ಚರಿತ್ರೆಯೇ ಎಂಬುದು ವಸ್ತುಸಂಗ್ರಹಾಲಯದವರ ನೀತಿ. ಮಾಸ್ತರರು ಈ ನೀತಿಯನ್ನು ವಿವರಿಸಿ ಹಿಂಜರಿದರು. ಉಸ್ತಾದರು ಏನೂ ಹೇಳದೆ ಮಡದಿಯ ಕಡೆ ನೋಡಿದರು. ಆಕೆ ಹೇಳಿದಳು: "ಇದು ಮ್ಯೂಸಿಯಮ್ಮಿಗೆ ಹೋಗೋದಲ್ಲರೀ. ನಮ್ಮ ಆಯಿ ನನಗ ಒರಸು ಅಂತ ಕೊಟ್ಟದ್ದು. ಒರಸಲಿಕ್ಕೆ ಕಪ್ಪು ಬೇಕಲ್ಲ. ಮಾಡ್ರಿ ಉಸ್ತಾದ್."

ಮಣ್ಣಿನ ನೀರು ಕುದಿಯಿತು. ನವಸಾಗರದ ಘಾಟು ಅಂಗಡಿಯನ್ನು ತುಂಬಿತು. ಉಸ್ತಾದರು ಸುರಾಹಿಯನ್ನು ಬಿಸಿ ಮಾಡಿ, ಇಳಿಸಿ, ಹೊರಳಿಸಿ, ಮಣ್ಣಿನಿಂದ ಉಜ್ಜಿ ಮೇಲೆತ್ತಿದರು. ಮೂವತ್ತೈದು ವರ್ಷದ ಬೂದು ನಿಮಿಷಗಳಲ್ಲಿ ಮಾಯವಾಗಿತ್ತು. ತೊಳೆದು, ಎಣ್ಣೆಯ ಅರಿವೆಯಿಂದ ಒರಸಿದಾಗ ಗಸಗಸೆಯ ಹೂಗಳು ಒಂದೊಂದಾಗಿ ಎದ್ದು ಬಂದವು. ಕೊರಳ ಬಳಿ ಎರಡು ಎಸಳಿನ ಬೆಳ್ಳಿ ಅಂದಿನ ತಿಕ್ಕಾಟದಲ್ಲಿ ಸವೆದುಹೋಗಿತ್ತು. ಹೊಸ ತಂತಿ ಕೂಡಿಸಿ ಕೊಡಲೇ ಎಂದು ಉಸ್ತಾದರು ಕೇಳಿದರು. "ಅದು ಇರಲಿ" ಎಂದಳು ಆಕೆ. ಮಾಸ್ತರರು ಕಾರಣ ಕೇಳಲಿಲ್ಲ.

ಬೀದರದ ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿತ್ತು. 2023ರಲ್ಲಿ ಬೀದರದ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಆ ಸಮಾರಂಭವನ್ನು ಮಾಸ್ತರ ದಂಪತಿಗಳು ಭಾಲ್ಕಿಯ ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತು ನೋಡಿದರು. ಮಾನ್ಯತೆ ಸಂತೋಷದ ವಿಷಯವೇ. ಆದರೆ ಸತುವಿನ ಬೆಲೆ, ಬೆಳ್ಳಿಯ ಬೆಲೆಗಳು ಏರುತ್ತಿರುವಾಗ, ತಿಂಗಳುಗಟ್ಟಲೆ ಬಗ್ಗಿ ಕುಳಿತು ಮಾಡುವ ಕೆಲಸಕ್ಕೆ ಮುಂದಿನ ತಲೆಮಾರಿನ ಹುಡುಗ ಏಕೆ ಕೂಡಬೇಕೆಂಬ ಪ್ರಶ್ನೆಗೆ ಪದಕವೊಂದೇ ಉತ್ತರವಾಗಲಾರದು. ಸಂಶೋಧಕನ ಪ್ರಬಂಧ ಕಾಗದದಲ್ಲಿ ಉಳಿಯುತ್ತದೆ. ನಾಲಿಗೆಯ ಮೇಲಿನ ವಿದ್ಯೆ ಇನ್ನೊಂದು ನಾಲಿಗೆಗೆ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬೀದರದಿಂದ ಹಿಂದಿರುಗಿದ ವಾರದಲ್ಲಿಯೇ ಮಾಸ್ತರರ ಮಡದಿ ಔರಾದಕ್ಕೆ ಹೋಗಬೇಕೆಂದಳು. ಅಮರೇಶ್ವರನ ಗುಡಿಯಲ್ಲಿ ಕಾಯಿ ಒಡೆಸಿ, ಅಲ್ಲಿಂದ ಊರಿಗೆ ಹೋದರು. ತವರಿನಲ್ಲಿ ಈಗ ತಮ್ಮನ ಸಂಸಾರ. ಜಗಲಿಯ ಮೇಲಿನ ಗೋಡೆಯಲ್ಲಿ ಆಯಿಯದೊಂದು ಮಸುಕಾದ ಚಿತ್ರ ತೂಗುತ್ತಿತ್ತು. ಆಕೆ ಗಂಟು ಬಿಚ್ಚಿ, ಸುರಾಹಿಯನ್ನು ಚಿತ್ರದ ಕೆಳಗಿಟ್ಟು, ಸೆರಗಿನ ತುದಿಯಿಂದ ಒಮ್ಮೆ ಒರಸಿದಳು. ತಮ್ಮನ ಚಿಕ್ಕ ಮಗಳು ಓಡಿಬಂದು, "ಅತ್ತಿ, ಇದಕ್ಕ ಕಪ್ಪು ಬಣ್ಣ ಯಾರು ಹಚ್ಚ್ಯಾರ?" ಎಂದು ಕೇಳಿತು.

ಆಕೆ ಗಂಡನ ಮುಖವನ್ನು ನೋಡಿದಳು. ಮಾಸ್ತರರು ಗಂಟಲು ಸರಿಮಾಡಿಕೊಂಡು, ಆಮೇಲೆ ಏನೆನಿಸಿತೋ, ಸುಮ್ಮನಾದರು.

"ಬಣ್ಣಲ್ಲ ಮಗಳೆ" ಎಂದಳು ಆಕೆ. "ಬಾ, ಹೇಳತೀನಿ. ಮೊದಲ ಕೈ ತೊಳಕೊಂಡು ಬಾ. ಹುಣಸಿಹಣ್ಣು ಮುಟ್ಟಿದ ಕೈಲೆ ಇದನ್ನ ಹಿಡೀಬಾರದು."